ಮೊದಲು ಪಾಸ್‌ಬುಕ್ ನಿಮ್ಮ ಕೈಗೆ ಬರಲಿ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರ ನಾಲ್ಕು ಪುಟ ಇದೆ. ಮೂರು ಪುಟ ಜಮೀನಿನ ಸಹಿಯ ಸಂಕಟಕ್ಕೇ ಹೋಗಿದೆ. ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಮಾತ್ರ ಕೊನೆಯ ಪುಟದಲ್ಲಿ ಅವರು ಸುಮ್ಮನೆ ಹೇಳಿ ಮುಂದೆ ಹೋದ ಒಂದು ಸಾಲು.

ಪತ್ರದ ಸಾರ ಇಷ್ಟು. ಅವರಿಗೆ 31 ವರ್ಷ, ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್, 34 ವರ್ಷ, ತಿಂಗಳಿಗೆ 15 ಸಾವಿರದ ದುಡಿಮೆ. ನಾಲ್ಕು ತಿಂಗಳ ಹಿಂದೆ ಬೈಕಿನಲ್ಲಿ ಮನೆಗೆ ಬರುವಾಗ ಲಾರಿ ಗುದ್ದಿ ತೀರಿಕೊಂಡರು. ಮಗಳಿಗೆ 9, ಮಗನಿಗೆ 5. ಗಂಡ ತಾನೇ ದುಡಿದು ತನ್ನ ಹೆಸರಿನಲ್ಲೇ ಕೊಂಡ 2 ಎಕರೆ ಇದೆ. ಮಾವನ ಹೆಸರಿನಲ್ಲಿ ಒಂದೂವರೆ ಎಕರೆ ಬೇರೆ. ಈಗ ಮೈದುನ, "ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ನಿಮ್ಮನ್ನೂ ಮಕ್ಕಳನ್ನೂ ಕೊನೇತನಕ ನಾನೇ ನೋಡ್ಕೋತೀನಿ, ಇಲ್ಲಾಂದ್ರೆ ತವರಿಗೆ ಹೊರಡಿ" ಅನ್ನುತ್ತಿದ್ದಾನೆ. ತವರಿನ ಅಣ್ಣನ ಮಾತು, "ಸಂಬಂಧ ಕೆಡಿಸ್ಕೋಬೇಡ, ಹಾಕಿಬಿಡು." ಅತ್ತೆ ಮಗ ಹೋದ ದಿನದಿಂದ ಮಾತೇ ಕಮ್ಮಿ. "ನನಗೆ ಧೈರ್ಯ ಸಾಲದು. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ, ಅದೊಂದು ಹೇಳಿ" ಎಂದು ಕೇಳಿದ್ದಾರೆ.

ಆ ಸಾಲು ಇದು: "ಅವರ ಪಾಸ್‌ಬುಕ್, ಎಟಿಎಂ, ಮೊಬೈಲು ಎಲ್ಲ ಮೈದುನನ ಹತ್ತಿರ ಇದೆ, ನನ್ನ ಪಾಸ್‌ಬುಕ್ಕೂ ಅವನೇ ಇಟ್ಟುಕೊಂಡಿದ್ದಾನೆ, ಆಕ್ಸಿಡೆಂಟ್ ಕೇಸಿಗೆ ಅಂತ ನಾಲ್ಕೈದು ಕಡೆ ಸಹಿ ಹಾಕಿಸಿಕೊಂಡ, ಅದಿರಲಿ."

ಅದಿರಲಿ ಅಂದರೆ ಹೇಗಮ್ಮಾ? ನಿಮ್ಮ ಮುಂದಿನ ಇಪ್ಪತ್ತು ವರ್ಷ ಆ ಸಾಲಿನಲ್ಲೇ ಇದೆ.

ಲೆಕ್ಕ ಹಾಕಿ ತೋರಿಸುತ್ತೇನೆ. ವಾಹನ ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಎಷ್ಟು ಎಂಬುದಕ್ಕೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲೂ 2017ರ ಪ್ರಣಯ್ ಸೇಠಿ ಪ್ರಕರಣದಲ್ಲೂ ದಾರಿ ಹಾಕಿಕೊಟ್ಟಿದೆ. ತಿಂಗಳ ಆದಾಯ 15,000. ನಲವತ್ತರೊಳಗಿನವರಿಗೆ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆ ಎಂದು ಶೇ 40 ಸೇರಿಸಿದರೆ 21,000. ಅವಲಂಬಿತರು ನಾಲ್ಕು ಮಂದಿ (ನೀವು, ಇಬ್ಬರು ಮಕ್ಕಳು, ಅತ್ತೆ), ಆದ್ದರಿಂದ ಅವರ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ವಯಸ್ಸು 31ರಿಂದ 35ರೊಳಗೆ ಇದ್ದರೆ ಅದನ್ನು 16ರಿಂದ ಗುಣಿಸುತ್ತಾರೆ: 30,24,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಮುಂತಾದವು ಇದರ ಮೇಲೆ ಸೇರುತ್ತವೆ. ಸಂಬಳಕ್ಕೆ ದಾಖಲೆ ಇಲ್ಲದಿದ್ದರೆ, ಬೈಕ್ ಸವಾರನದೂ ತಪ್ಪಿದೆ ಎಂದಾದರೆ ಈ ಮೊತ್ತ ಇಳಿಯುತ್ತದೆ. ಆದರೂ ಇದು ಎರಡು ಎಕರೆಯ ಜಗಳಕ್ಕಿಂತ ದೊಡ್ಡ ಮಾತು. ಈ ಹಣ ಹೆಂಡತಿ, ಮಕ್ಕಳು, ತಾಯಿಗೆ ಸೇರಬೇಕಾದ್ದು. ತಮ್ಮನಿಗೆ ಇದರಲ್ಲಿ ಪಾಲಿಲ್ಲ. ಬರುವುದು ಮಾತ್ರ ನೀವು ಅರ್ಜಿಯಲ್ಲಿ ಕೊಟ್ಟ ಬ್ಯಾಂಕ್ ಖಾತೆಗೆ. ಆ ಖಾತೆಯ ಪಾಸ್‌ಬುಕ್ ಯಾರ ಬೀರುವಿನಲ್ಲಿದೆ ಎಂದು ನೀವೇ ಬರೆದಿದ್ದೀರಿ.

ಧೈರ್ಯ ಬಂದ ಮೇಲೆ ಬ್ಯಾಂಕಿಗೆ ಹೋಗುತ್ತೇನೆ ಎಂದು ಕೂತರೆ ಅದು ಬರುವುದಿಲ್ಲ. ತನ್ನ ಹೆಸರಿನ ಖಾತೆ, ತನ್ನ ಹೆಸರಿನ ಸಿಮ್ಮು, ತನ್ನ ಕೈಯಲ್ಲಿರುವ ಕಾಗದ, ಇವು ಬಂದ ಮೇಲೆ ಧೈರ್ಯ ಹಿಂದೆಯೇ ಬರುತ್ತದೆ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಆದ್ದರಿಂದ ನಿಮಗೆ ನನ್ನ ಸೂಚನೆ ಒಂದೇ: ಈ ವಾರ ನಿಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆದು ಪಾಸ್‌ಬುಕ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಇಲ್ಲ.

ಇದರಲ್ಲಿ ಕ್ರಮ ತಪ್ಪಬಾರದು. ಮೊದಲು ಸಿಮ್, ಆಮೇಲೆ ಆಧಾರ್, ಆಮೇಲೆ ಬ್ಯಾಂಕ್. ತುಂಬಾ ಜನ ನೇರವಾಗಿ ಬ್ಯಾಂಕಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾಕೆಂದರೆ ಆಧಾರ್‌ಗೆ ಜೋಡಿಸಿರುವುದು ಗಂಡನ ಮೊಬೈಲ್ ನಂಬರ್ ಆಗಿರುತ್ತದೆ, ಒಟಿಪಿ ಹೋಗುವುದು ಆ ಫೋನಿಗೆ, ಫೋನು ಮೈದುನನ ಜೇಬಿನಲ್ಲಿ. ನಿಮ್ಮ ಹೆಸರಿನಲ್ಲೇ ಸಿಮ್ ತೆಗೆದುಕೊಳ್ಳಿ. ಅದನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ. ಇದಕ್ಕೆ ಬೇರೆ ದಾಖಲೆ ಬೇಕಿಲ್ಲ, ಬೆರಳಚ್ಚು ಮತ್ತು ಸಣ್ಣ ಶುಲ್ಕ ಸಾಕು. ಹೊಸ ನಂಬರ್ ಏರಲು ಕೆಲವು ದಿನ ಹಿಡಿಯಬಹುದು, ಗಾಬರಿಯಾಗಬೇಡಿ. ನಂತರ ಆಧಾರ್ ಪ್ರತಿ, ಎರಡು ಫೋಟೊ ಹಿಡಿದು ಮೈದುನ ಓಡಾಡದ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಅದರ ಬದಲಿಗೆ ತುಂಬುವ ಫಾರಂ ಬ್ಯಾಂಕಿನಲ್ಲೇ ಕೊಡುತ್ತಾರೆ. ಜನಧನ್ ಖಾತೆಗೆ ಒಂದು ರೂಪಾಯಿಯೂ ಇಡಬೇಕಿಲ್ಲ. ಅಂಚೆ ಕಚೇರಿಯಲ್ಲಾದರೆ 500 ರೂಪಾಯಿ ಇಡಬೇಕು.

ಖಾತೆ ತೆರೆದ ದಿನವೇ ಆಧಾರ್ ಸೀಡಿಂಗ್ ಫಾರಂ, ಅಂದರೆ ಆಧಾರನ್ನು ಆ ಖಾತೆಗೆ ಜೋಡಿಸುವ ಫಾರಂ, ತುಂಬಿ ಕೊಡಿ. ಆಧಾರ್ ಆಧರಿಸಿ ಬರುವ ಸರ್ಕಾರದ ದುಡ್ಡು ಕೊನೆಯದಾಗಿ ಸೀಡ್ ಆದ ಖಾತೆಗೆ ಹೋಗುತ್ತದೆ. ಈ ಫಾರಂ ಬಿಟ್ಟರೆ ನಾಳೆ ವಿಧವಾ ವೇತನ ಮಂಜೂರಾದರೂ ಹಳೆಯ ಖಾತೆಗೇ ಬಂದು ಬೀಳುತ್ತದೆ. (ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಅದು ಅತ್ತೆ ಆಗಿದ್ದರೆ ಸದ್ಯಕ್ಕೆ ಅದಕ್ಕೆ ಜಗಳ ಬೇಡ.)

ಆಮೇಲೆ ಗಂಡನ ಖಾತೆ ಇರುವ ಶಾಖೆಗೆ ಹೋಗಿ. ಖಾತೆದಾರರು ಇಂಥ ದಿನ ತೀರಿಕೊಂಡಿದ್ದಾರೆ, ಎಟಿಎಂ ಕಾರ್ಡ್ ತಡೆಹಿಡಿಯಿರಿ ಎಂದು ಒಂದು ಪತ್ರ, ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ. ಪತ್ರದ ಇನ್ನೊಂದು ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ಸತ್ತವರ ಕಾರ್ಡಿನಿಂದ ದುಡ್ಡು ತೆಗೆಯುವ ಹಕ್ಕು ಯಾರಿಗೂ ಇಲ್ಲ. ನಾಮಿನಿ ಯಾರು ಎಂದು ಕೇಳಿ, ಎರಡು ವರ್ಷದ ಸ್ಟೇಟ್‌ಮೆಂಟ್ ಕೇಳಿ, ಅದರಲ್ಲಿ ಮೇ ತಿಂಗಳ ಸುತ್ತಮುತ್ತ 436 ರೂಪಾಯಿ ಮತ್ತು 20 ರೂಪಾಯಿ ಕಡಿತವಾಗಿದೆಯೇ ಎಂದು ಬೆರಳಿಟ್ಟು ಹುಡುಕಿ. 436 ಅಂದರೆ ಜೀವನ್ ಜ್ಯೋತಿ ವಿಮೆ, 20 ಅಂದರೆ ಸುರಕ್ಷಾ ಅಪಘಾತ ವಿಮೆ. ಎರಡರಲ್ಲೂ ತಲಾ 2 ಲಕ್ಷ. ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡದ್ದು ಗಂಡನಿಗೇ ನೆನಪಿರದೆ, ಹೆಂಡತಿಗೆ ತಿಳಿಯದೆ ಉಳಿದುಹೋಗುವ ಹಣ ಇದು. ಅಪಘಾತ ವಿಮೆಗೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪೊಲೀಸ್ ಠಾಣೆಯಿಂದ ಇವುಗಳ ಎರಡೆರಡು ಪ್ರತಿ ತೆಗೆದಿಡಿ, ಪರಿಹಾರದ ಕೇಸಿಗೂ ಇವೇ ಬೇಕು.

ಆ ಕೇಸಿನ ವಿಷಯ. ಮೈದುನ ಸಹಿ ಹಾಕಿಸಿಕೊಂಡದ್ದು ನಿಜವಾಗಿ ಕೇಸಿಗೋ ಮತ್ತಾವುದಕ್ಕೋ ನಿಮಗೆ ಗೊತ್ತಿಲ್ಲ, ಕೇಸು ದಾಖಲಾಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದ್ದರೂ ಅದನ್ನು ನಂಬಿ ಕೂರಬೇಡಿ. ನಿಮಗೆ ಎರಡೇ ತಿಂಗಳು ಉಳಿದಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಅಲ್ಲಿ ಹೋಗಿ, "ನನ್ನ ಗಂಡನ ಹೆಸರಿನ ಎಂವಿಸಿ ಕೇಸು ದಾಖಲಾಗಿದೆಯಾ ನೋಡಿ" ಅನ್ನಿ (ಎಂವಿಸಿ ಅಂದರೆ ವಾಹನ ಅಪಘಾತ ಪರಿಹಾರದ ಕೇಸು). ಆಗಿದ್ದರೆ ಕೇಸ್ ನಂಬರ್ ಬರೆದುಕೊಂಡು, ಪರಿಹಾರ ಹೊಸ ಖಾತೆಗೇ ಬರಬೇಕೆಂದು ವಕೀಲರ ಮೂಲಕ ಕೋರ್ಟಿಗೆ ಲಿಖಿತವಾಗಿ ಕೊಡಿ. ಬಂದ ಪರಿಹಾರದಲ್ಲಿ ನೂರಕ್ಕೆ ಇಷ್ಟು ನನಗೆ ಎಂದು ಕೇಳುವ ವಕೀಲರಿದ್ದರೆ ಬಿಟ್ಟುಬಿಡಿ. ಹಾಗೆ ಪಾಲು ಮಾತಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಜಮೀನಿನದು ನೀವು ಅಂದುಕೊಂಡಷ್ಟು ಕಗ್ಗಂಟಲ್ಲ. ಗಂಡ ವಿಲ್ ಬರೆದಿಲ್ಲವಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸ್ವಂತ 2 ಎಕರೆ ನಾಲ್ಕು ಸಮಪಾಲು: ನೀವು, ಮಗಳು, ಮಗ, ಅತ್ತೆ. 80 ಗುಂಟೆಯಲ್ಲಿ ತಲಾ 20 ಗುಂಟೆ. ಮಾವನಿಗೂ ಮೈದುನನಿಗೂ ಇದರಲ್ಲಿ ಏನೂ ಇಲ್ಲ. ನೀವು ಮುಂದೆ ಮರುಮದುವೆಯಾದರೂ ನಿಮ್ಮ ಪಾಲು ಹೋಗುವುದಿಲ್ಲ. ಮಾವನ ಒಂದೂವರೆ ಎಕರೆ ಪಿತ್ರಾರ್ಜಿತವಾಗಿದ್ದರೆ ಅದರಲ್ಲೂ ನಿಮ್ಮ ಗಂಡನ ಪಾಲು ಇದೆ, ಹಳೆಯ ಪಹಣಿ ತೋರಿಸಿ ವಕೀಲರನ್ನು ಕೇಳಿ.

ಮಕ್ಕಳ 40 ಗುಂಟೆಯನ್ನು ಬಿಟ್ಟುಕೊಡಲು ನಿಮಗೂ ಅಧಿಕಾರ ಇಲ್ಲ. ಅಪ್ರಾಪ್ತ ಮಕ್ಕಳ ಸ್ಥಿರಾಸ್ತಿಯನ್ನು ಸ್ವಂತ ತಾಯಿಯೇ ಕೈಬಿಡಬೇಕೆಂದರೂ ಜಿಲ್ಲಾ ನ್ಯಾಯಾಲಯದ ಅನುಮತಿ ಮೊದಲೇ ಪಡೆಯಬೇಕು. ಇದು 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 8ನೇ ಕಲಮು. ಮನೆಯಲ್ಲಿ ಒತ್ತಾಯ ಬಂದಾಗ ಜಗಳ ಆಡಬೇಡಿ, ಅಳಬೇಡಿ, ಇಷ್ಟೇ ಹೇಳಿ: "ಮಕ್ಕಳ ಪಾಲಿಗೆ ಕೋರ್ಟಿನ ಅನುಮತಿ ಬೇಕಂತೆ, ಕೇಳಿ ಹೇಳ್ತೀನಿ." ಹತ್ತು ಸಲ ಕೇಳಿದರೆ ಹತ್ತು ಸಲವೂ ಇದನ್ನೇ ಹೇಳಿ. ಅದು ಸತ್ಯ, ಮತ್ತು ಎದುರಿನವರು ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಅದರಲ್ಲಿ ಜಾಗವಿಲ್ಲ.

ನೀವು ಈಗಾಗಲೇ ಹಾಕಿದ ಸಹಿಗಳಿಂದ ಜಮೀನು ಹೋಗಿರಬಹುದೆಂಬ ಭಯ ಬಿಡಿ. ಹಕ್ಕು ಬಿಡುಗಡೆ ನೋಂದಣಿ ಆಗದೆ ಊರ್ಜಿತವಲ್ಲ. ಅದಕ್ಕೆ ನೀವೇ ಉಪನೋಂದಣಿ ಕಚೇರಿಗೆ ಹೋಗಿ ಫೋಟೊ, ಹೆಬ್ಬೆಟ್ಟು ಕೊಡಬೇಕು. ಮೋಸ ಆಗುವುದು ಬೇರೆ ಕಡೆ, ಪೌತಿ ಖಾತೆಯಲ್ಲಿ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವಾಗ. ವಂಶವೃಕ್ಷದಲ್ಲಿ ಸೊಸೆಯ ಹೆಸರು ಅಥವಾ ಹೆಣ್ಣುಮಗುವಿನ ಹೆಸರು ಬಿಟ್ಟು ಅರ್ಜಿ ಹೋಗಿರುತ್ತದೆ. ಆದ್ದರಿಂದ ನೀವೇ ಮುಂದಾಗಿ ಮರಣ ಪ್ರಮಾಣಪತ್ರ, ನಾಲ್ವರ ಹೆಸರಿರುವ ವಂಶವೃಕ್ಷ, ಪಹಣಿ, ಆಧಾರ್ ಜೊತೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಬೇರೆಯವರು ಆಗಲೇ ಕೊಟ್ಟಿದ್ದರೆ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ. ಪಹಣಿಯ 11ನೇ ಕಾಲಂ ಕೂಡ ನೋಡಿ, ಸಾಲವಿದ್ದರೆ ಅಲ್ಲಿ ಇರುತ್ತದೆ.

ಆಸ್ತಿ ಬಿಡುವ ಕಾಗದಕ್ಕೆ ಸಾವಾದ ಮನೆಯಲ್ಲಿ ವರ್ಷದ ತಿಥಿ ಮುಗಿಯುವ ಮೊದಲು ಯಾರೂ ಸಹಿ ಹಾಕಬಾರದು. ಆಸ್ತಿ ಪಡೆಯುವ ಅರ್ಜಿಯನ್ನು ಒಂದು ದಿನವೂ ತಡಮಾಡಬಾರದು. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ಮೈದುನನ ಆಸೆ ನನಗೆ ಅರ್ಥವಾಗುತ್ತದೆ, ಅವನು ಕೇಳುತ್ತಿರುವುದು ತಪ್ಪು ಅಷ್ಟೇ. ಕ್ಷಮಿಸಲಾಗದ್ದು ನಿಮ್ಮ ಅಣ್ಣನ ಮಾತು. ತಂಗಿಯ ಜೊತೆ ಒಂದು ದಿನ ಬ್ಯಾಂಕಿಗೆ ಬಾರದವನು, ಠಾಣೆಯ ಮೆಟ್ಟಿಲು ಹತ್ತದವನು, ದೂರದಿಂದ "ಹಾಕಿಬಿಡು" ಅನ್ನುತ್ತಾನೆ. ನೀವು ಗಟ್ಟಿಯಾಗಿ ನಿಂತರೆ ನಾಳೆ ತವರಿನ ಆಸ್ತಿಯಲ್ಲೂ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯಂತೆ, ಪಾಲು ಕೇಳಬಹುದು ಎಂಬ ಅಂಜಿಕೆ ಅವನಿಗಿದ್ದರೆ ನನಗೆ ಆಶ್ಚರ್ಯವಿಲ್ಲ. ಆ ವಿಷಯ ಈಗ ಎತ್ತಬೇಡಿ, ಆದರೆ ಅವನ ಸಲಹೆಯನ್ನೂ ಕೇಳಬೇಡಿ.

ನನ್ನ ಕರುಳು ಚುರ್ ಅಂದದ್ದು ನಿಮ್ಮ ಅತ್ತೆಗಾಗಿ. ಮಾತು ನಿಲ್ಲಿಸಿದ್ದಾರೆ ಎಂದು ಬರೆದಿದ್ದೀರಿ, ಮಗನನ್ನು ಕಳೆದುಕೊಂಡ ತಾಯಿ ಆಕೆ. ಪರಿಹಾರದಲ್ಲಿ, ಜಮೀನಿನಲ್ಲಿ, ಎರಡರಲ್ಲೂ ಆಕೆಗೆ ನಿಮ್ಮಂತೆಯೇ ಹಕ್ಕಿದೆ. ಬಹುಶಃ ಆಕೆಗೂ ಯಾರೂ ಹೇಳಿಲ್ಲ. ಸಂಜೆ ಹತ್ತಿರ ಕೂತು, "ಅತ್ತೆ, ನಿಮ್ಮ ಪಾಲೂ ನಿಮ್ಮ ಹೆಸರಿಗೇ ಬರಬೇಕು" ಎಂದು ಹೇಳಿ ನೋಡಿ. ಅವರೂ ಈ ಮನೆಯಲ್ಲಿ ಇನ್ನೊಬ್ಬರ ಕೈ ನೋಡಿ ಬದುಕುತ್ತಿರುವವರೇ.

ತವರಿಗೆ ಹೊರಡಿ ಎಂಬ ಬೆದರಿಕೆಗೆ ಹೆದರಬೇಡಿ. ಗಂಡನ ಜೊತೆ ಬಾಳಿದ ಮನೆಯಿಂದ ನಿಮ್ಮನ್ನು ಹೊರಹಾಕುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ವಿಧವೆಗೂ ಆ ಹಕ್ಕು ಕೊಡುತ್ತದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಬೀಗ ಹಾಕಿದರೆ, ಕೈ ಎತ್ತಿದರೆ 181ಕ್ಕೆ ಫೋನ್ ಮಾಡಿ.

ಸ್ತ್ರೀಶಕ್ತಿ ಸಂಘದಲ್ಲಿದ್ದೀರಿ ಎಂದಿದ್ದೀರಿ. ಅದರಲ್ಲಿ ಬಾಯಿಬಲ್ಲ ಇಬ್ಬರನ್ನು ಆರಿಸಿಕೊಳ್ಳಿ. ಸರ್ಕಾರಿ ಬಸ್ಸಿಗೆ ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡು ಬೇಕಿಲ್ಲ. ಸೋಮವಾರ ಮಕ್ಕಳನ್ನು ಶಾಲೆಗೆ ಬಿಟ್ಟು ಮೂವರೂ ಹೊರಡಿ, ಮೊದಲು ಸಿಮ್ ಅಂಗಡಿಗೆ. ಎಲ್ಲಿಗೆ ಎಂದು ಮೈದುನ ಕೇಳಿದರೆ ಸಂಘದ ಕೆಲಸ ಅನ್ನಬೇಡಿ, ಸುಳ್ಳು ಬೇಕಿಲ್ಲ. ನನ್ನ ಖಾತೆಯ ಕೆಲಸ ಅನ್ನಿ.