ರಜೆಯಲ್ಲಿ ಮಕ್ಕಳಿಗೆ ಏನು ಮಾಡಿಸೋದು? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಏಪ್ರಿಲ್ ಬಂತು ಅಂದರೆ ಈ ಅಂಕಣಕ್ಕೆ ಬರೋ ಪತ್ರಗಳೆಲ್ಲ ಒಂದೇ ರಾಗ. ಪರೀಕ್ಷೆ ಮುಗೀತು, ಮಕ್ಕಳು ಮನೇಲಿದ್ದಾರೆ, ಏನು ಮಾಡಿಸೋಣ? ಈ ಸಲ ಐದು ಪ್ರಶ್ನೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಮೂರನೇ ಕ್ಲಾಸು, ಮಗ ಐದನೇ ಕ್ಲಾಸು. ಸಾವಿರ ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಸೈನ್ಸ್ ಕಿಟ್ ತರಿಸಿದೆ. ಜ್ವಾಲಾಮುಖಿ ಉಕ್ಕಿಸಿದರು, ಅರ್ಧ ಗಂಟೆಯಲ್ಲಿ ಮುಗೀತು, ಮತ್ತೆ ಮೊಬೈಲ್ ಕೊಡು ಅಂತ ಹಟ. ಖರ್ಚಿಲ್ಲದೆ ನಾಲ್ಕು ದಿನ ಹಿಡಿದು ಕೂರಿಸೋ ಕೆಲಸ ಯಾವುದಾದರೂ ಇದೆಯಾ? (ಒಬ್ಬ ತಾಯಿ, ದಾವಣಗೆರೆ)

ತಪ್ಪು ಮಕ್ಕಳದ್ದಲ್ಲ, ಕಿಟ್‌ದು. ಎಲ್ಲ ಅಳೆದು ಪೊಟ್ಟಣ ಕಟ್ಟಿ ಕೊಟ್ಟಿರುತ್ತಾರೆ, ಮಗು ಸುರಿಯೋದು ಬಿಟ್ಟು ಬೇರೆ ಏನೂ ಮಾಡೋ ಹಾಗಿಲ್ಲ. ಅದೇ ಜ್ವಾಲಾಮುಖಿ ಅಡಿಗೆ ಸೋಡಾ, ನಿಂಬೆರಸದಲ್ಲೂ ಉಕ್ಕುತ್ತೆ, ಬಿಡಿ.

ನಿಮ್ಮ ಮನೆಯಲ್ಲಿ ಅರಿಶಿನ ಇದೆ, ದಾವಣಗೆರೆಯಲ್ಲಿ ಬಿಸಿಲಿಗೆ ಬರವಿಲ್ಲ. ಅಷ್ಟು ಸಾಕು. ಬಟ್ಟೆಗೆ ಅರಿಶಿನದ ಕಲೆ ಆದರೆ ನಮ್ಮ ಅಜ್ಜಿಯರು ಒಗೆದು ಬಿಸಿಲಿಗೆ ಹಾಕು ಅಂತಿದ್ದರಲ್ವಾ, ಯಾಕೆಂದರೆ ಅರಿಶಿನದ ಹಳದಿ ಬಿಸಿಲಿಗೆ ಕರಗಿ ಹೋಗುತ್ತೆ. ಇದನ್ನೇ ಉಪಯೋಗಿಸಿ ಕ್ಯಾಮೆರಾ ಇಲ್ಲದೆ ಫೋಟೋ ತೆಗೀಬಹುದು. 1842ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಹೂವಿನ ರಸ ಬಳಿದ ಕಾಗದದ ಮೇಲೆ ಹೀಗೆ ಬಿಸಿಲಿನಿಂದ ಚಿತ್ರ ಮೂಡಿಸಿದ್ದ.

ಒಂದು ಚಮಚ ಅರಿಶಿನಕ್ಕೆ ಅರ್ಧ ಲೋಟ ಸರ್ಜಿಕಲ್ ಸ್ಪಿರಿಟ್ ಹಾಕಿ ಕಲಕಿ. ಇದನ್ನು ನೀವೇ ಮಾಡಿ, ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು. ನೀರಿನಲ್ಲಿ ಅರಿಶಿನದ ಬಣ್ಣ ಸರಿಯಾಗಿ ಬಿಡೋದಿಲ್ಲ, ಸ್ಪಿರಿಟ್ಟಿನಲ್ಲಿ ಬಿಡುತ್ತೆ. ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಹತ್ತಿಯಲ್ಲಿ ಅದ್ದಿ ದಪ್ಪ ಡ್ರಾಯಿಂಗ್ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಆಮೇಲೆ ಮಕ್ಕಳಿಗೆ ಬಿಟ್ಟುಬಿಡಿ. ಹಾಳೆ ಮೇಲೆ ಪಪ್ಪಾಯ ಎಲೆಯನ್ನೋ ನುಗ್ಗೆ ಸೊಪ್ಪಿನ ಕಡ್ಡಿಯನ್ನೋ ಇಟ್ಟು, ಗಾಳಿಗೆ ಹಾರದ ಹಾಗೆ ಹಳೇ ಫೋಟೋ ಫ್ರೇಮಿನ ಗಾಜು ಮುಚ್ಚಿ, ಬೆಳಿಗ್ಗೆ ಹತ್ತಕ್ಕೆ ಟೆರೇಸಿನಲ್ಲಿ ಇಟ್ಟು ಬರಲಿ. ಮಧ್ಯಾಹ್ನ ಎಲೆ ಎತ್ತಿದರೆ ಸುತ್ತ ಎಲ್ಲ ಬಿಳಿಚಿಕೊಂಡು, ಎಲೆ ಇದ್ದ ಜಾಗ ಮಾತ್ರ ಹಳದಿ. ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ ಅನ್ನಿಸಿದರೆ ನಾಳೆನೂ ಇಡಿ.

ಮಜಾ ಇರೋದು ಇಲ್ಲಿಂದ ಮುಂದೆ. ಅಡಿಗೆ ಸೋಡಾ ಕರಗಿಸಿದ ನೀರನ್ನು ಬ್ರಷ್ಷಿನಲ್ಲಿ ಆ ಹಾಳೆಗೆ ಬಳಿದರೆ ಹಳದಿ ಎಲೆ ಕಣ್ಣೆದುರೇ ಕೆಂಪಾಗುತ್ತೆ. ಆರತಿಗೆ ಅರಿಶಿನ ಸುಣ್ಣ ಕಲಸಿ ಓಕುಳಿ ಮಾಡ್ತೀವಲ್ಲ, ಅದೇ ಕೆಂಪು, ಅದೇ ಕಾರಣ: ಅರಿಶಿನ ಕ್ಷಾರಕ್ಕೆ ಸಿಕ್ಕರೆ ಬಣ್ಣ ಬದಲಿಸುತ್ತೆ. ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. (ಸುಣ್ಣ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಕಷ್ಟ.) ಉಳಿದ ಹಳದಿ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಟ್ಟರೆ ಸೋಪು, ಶಾಂಪೂ, ಮಜ್ಜಿಗೆ, ಹುಣಸೆ ರಸ ಒಂದನ್ನೂ ಬಿಡದೆ ಅದ್ದಿ ನೋಡ್ತಾರೆ.

ಐದನೇ ಕ್ಲಾಸಿನ ಮಗನಿಗೆ ಸ್ವಲ್ಪ ಕಷ್ಟದ್ದು ಕೊಡಿ. ಹಳದಿ ಹಾಳೆ ಮೇಲೆ ರಟ್ಟು ಮುಚ್ಚಿ, ಗಂಟೆಗೊಮ್ಮೆ ಎರಡು ಬೆರಳಷ್ಟು ಸರಿಸಲಿ. ಸಂಜೆಗೆ ಎಷ್ಟು ಗಂಟೆಯ ಬಿಸಿಲಿಗೆ ಎಷ್ಟು ಬಣ್ಣ ಹೋಯ್ತು ಅನ್ನೋದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಮಾಡಿದ ಚಿತ್ರಗಳನ್ನು ಗೋಡೆಗೆ ಅಂಟಿಸಬೇಡಿ, ಬೆಳಕಿಗೆ ಅವೂ ಮಾಸುತ್ತವೆ. ಪುಸ್ತಕದೊಳಗೆ ಇಡಿ.

ಪ್ರಶ್ನೆ: ನಾವಿರೋದು ಅಪಾರ್ಟ್‌ಮೆಂಟಿನಲ್ಲಿ. ಅಂಗಳ ಇಲ್ಲ, ಮರ ಇಲ್ಲ, ಟೆರೇಸ್ ಒಂದಿದೆ. ಮಗ ನಾಲ್ಕನೇ ಕ್ಲಾಸು. ಏನು ಮಾಡಬಹುದು? (ಒಬ್ಬ ಓದುಗರು, ಬೆಂಗಳೂರು)

ಟೆರೇಸ್ ಇದ್ದರೆ ಇನ್ನೇನು ಬೇಕು ಸರ್! ಏಪ್ರಿಲ್ 24ರಂದು ಮಧ್ಯಾಹ್ನ 12.17ರ ಹೊತ್ತಿಗೆ ಮಗನನ್ನು ಕರಕೊಂಡು ಹೋಗಿ ನೇರವಾದ ಸ್ಟೀಲ್ ಲೋಟ ಬೋರಲು ಇಡಿ. ನೆರಳು ಇರೋದೇ ಇಲ್ಲ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದಿರುತ್ತಾನೆ. ಶೂನ್ಯ ನೆರಳಿನ ದಿನ ಅಂತಾರೆ. ವರ್ಷಕ್ಕೆ ಎರಡು ಸಲ ಬರುತ್ತೆ, ಬೆಂಗಳೂರಿಗೆ ಇನ್ನೊಂದು ಆಗಸ್ಟ್ 18ಕ್ಕೆ, ಆದರೆ ಆಗ ಮೋಡ ಜಾಸ್ತಿ. ಮೈಸೂರಿಗೆ ಒಂದೆರಡು ದಿನ ಮೊದಲು, ಹುಬ್ಬಳ್ಳಿಗೆ ಮೇ 2ರ ಸುಮಾರಿಗೆ, ಕಲಬುರಗಿಗೆ ಮೇ 9-10ಕ್ಕೆ. ಅಜ್ಜಿ ಮನೆ ಉತ್ತರ ಕರ್ನಾಟಕದಲ್ಲಿದ್ದರೆ ಒಂದೇ ರಜೆಯಲ್ಲಿ ಎರಡು ಸಲ ನೋಡಬಹುದು.

ಆದರೆ ಒಂದು ದಿನ ಲೋಟ ನೋಡಿ ಬಂದರೆ ಅದೂ ಜ್ವಾಲಾಮುಖಿ ಕಿಟ್ ಆಯ್ತು. ವಾರ ಮೊದಲೇ ಶುರು ಮಾಡಿ. ಹೂಕುಂಡದ ಮಣ್ಣಿಗೆ ಪೊರಕೆ ಕಡ್ಡಿ ನೆಟ್ಟಗೆ ಚುಚ್ಚಿ, ಪಕ್ಕದಲ್ಲಿ ಹಾಳೆ ಹಾಸಿ, 12ರಿಂದ 12.40ರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಪೆನ್ಸಿಲ್ ಗುರುತು ಹಾಕಲಿ. ಎಲ್ಲಕ್ಕಿಂತ ಗಿಡ್ಡ ನೆರಳು ಹನ್ನೆರಡಕ್ಕೆ ಬೀಳೋದಿಲ್ಲ. ನಮ್ಮ ಗಡಿಯಾರದ ಸಮಯ ಇಟ್ಟಿರೋದು 82.5 ಡಿಗ್ರಿ ರೇಖಾಂಶಕ್ಕೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇರೋದರಿಂದ ನಮ್ಮ ನಿಜವಾದ ಮಧ್ಯಾಹ್ನ ತಡ. ಮಂಗಳೂರಿನಲ್ಲಿ ಇನ್ನೂ ಹತ್ತು ಹನ್ನೊಂದು ನಿಮಿಷ ತಡ.

ಇನ್ನೂ ಒಂದು ಮಾತು. ಏಪ್ರಿಲ್ 24 ಕಳೆದ ಮೇಲೆ ಬೆಂಗಳೂರಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ! ವರ್ಷದ ಉಳಿದ ದಿನಗಳಲ್ಲಿ ಉತ್ತರಕ್ಕೆ ಬೀಳೋದು, ಈ ನಾಲ್ಕು ತಿಂಗಳು ತಿರುಗುಮುರುಗು. ದೊಡ್ಡವರೇ ಎಷ್ಟೋ ಜನ ಇದನ್ನು ಗಮನಿಸಿರೋದಿಲ್ಲ. ತಲೆಗೆ ಟೋಪಿ ಹಾಕಿಸಿ, ಸೂರ್ಯನನ್ನು ನೇರ ನೋಡಬೇಡ ಅಂತ ಹೇಳಿ.

ಪ್ರಶ್ನೆ: ಮಕ್ಕಳನ್ನು ರಜೆಗೆ ಅಜ್ಜನ ಮನೆಗೆ ಕಳಿಸಿದ್ದೇವೆ. ಅಡಿಕೆ ತೋಟ, ಹಂಚಿನ ಮನೆ, ನೆಟ್‌ವರ್ಕ್ ಇಲ್ಲ. ಎರಡೇ ದಿನಕ್ಕೆ ಬೋರು ಅಂತ ಫೋನು. (ಒಬ್ಬ ತಂದೆ, ಶಿರಸಿ)

ಅಜ್ಜನಿಗೆ ತೆಂಗಿನ ಗರಿ ಪೀಪಿ ಮಾಡೋಕೆ ಬರುತ್ತಾ ಕೇಳಿ, ಬಂದೇ ಬರುತ್ತೆ. ಗರಿಯ ಕಡ್ಡಿ ತೆಗೆದು, ಒಂದು ತುದಿ ಸಪೂರ ಇರೋ ಹಾಗೆ ಸುರುಳಿ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ಅದೇ ಕಡ್ಡಿ ಚುಚ್ಚಿ, ಬಾಯಿಗಿಡೋ ತುದಿಯನ್ನು ಬೆರಳಲ್ಲಿ ಚಪ್ಪಟೆ ಮಾಡೋದು. ಊದಿದಾಗ ಆ ಚಪ್ಪಟೆ ತುಟಿಗಳು ಅದುರಿ ಸದ್ದು ಬರುತ್ತೆ. ಇನ್ನೊಂದು ಗರಿ ಸುತ್ತಿ ಉದ್ದ ಮಾಡಿದರೆ ಸದ್ದು ಬದಲಾಗುತ್ತಾ ಅಂತ ಮಕ್ಕಳೇ ನೋಡಲಿ. ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯೋ ಆಟ ಹೇಗೂ ಇದೆ. ಒಣ ಮಣ್ಣು, ತರಗೆಲೆ, ಒದ್ದೆ ನೆಲ, ಎಲ್ಲಿ ಸುಲಭವಾಗಿ ಜಾರುತ್ತೆ ಅಂತ ಹೋಲಿಸಿದರೆ ಅದೇ ಘರ್ಷಣೆಯ ಪಾಠ.

ಹಂಚಿನ ಸಂದಿಯಿಂದ ನೆಲಕ್ಕೆ ಬೀಳೋ ಬೆಳಕಿನ ಬೊಟ್ಟು ನೋಡೋಕೂ ಹೇಳಿ. ಸಂದಿ ಸೊಟ್ಟಗಿದ್ದರೂ ಬೊಟ್ಟು ದುಂಡಗಿರುತ್ತೆ. ಅದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ತೂತು ಚಿಕ್ಕದಿದ್ದು, ಬೆಳಕು ಮೂರು ಮೀಟರ್ ಬಂದು ಬಿದ್ದರೆ ಬೊಟ್ಟು ಸುಮಾರು ಮೂರು ಸೆಂಟಿಮೀಟರ್ ಅಗಲ. ನೆಲದ ಬದಲು ಬಿಳಿ ಹಾಳೆ ಹಿಡಿದು ಮೇಲಕ್ಕೆ ಏರಿಸುತ್ತಾ ಹೋದರೆ ಕುಗ್ಗುತ್ತಾ ಬರುತ್ತೆ. ಬೊಟ್ಟಿನ ಸುತ್ತ ಗುರುತು ಹಾಕಿ ಒಂದು ನಿಮಿಷ ಕಾದರೆ ಗೆರೆ ದಾಟಿ ಸರಿಯೋದೂ ಕಾಣುತ್ತೆ.

ಪ್ರಶ್ನೆ: ಬಳ್ಳಾರಿಯ ಅತ್ತೆ ಮನೆ ಮಡಕೆ ನೀರು ತಣ್ಣಗಿರುತ್ತೆ, ನಮ್ಮ ಮನೇದು ಯಾಕಿಲ್ಲ ಅಂತ ಮಗಳು ಕೇಳ್ತಾಳೆ. (ಮಂಗಳೂರು)

ಮಡಕೆಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಳ್ಳುತ್ತೆ. ನಿಮ್ಮೂರ ಗಾಳಿಯಲ್ಲಿ ಆಗಲೇ ಬೇಕಾದಷ್ಟು ತೇವ ಇದೆ, ನೀರು ಬೇಗ ಆರೋದಿಲ್ಲ, ಹಾಗಾಗಿ ತಂಪು ಕಡಿಮೆ. ಎರಡು ಬಾಟಲಿಗೆ ನೀರು ತುಂಬಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಕೆಳಗೆ ಇಡಿಸಿ, ಗಂಟೆ ಬಿಟ್ಟು ಮುಟ್ಟಿ ನೋಡಲಿ. ಅತ್ತೆ ಮನೆಯಲ್ಲೂ ಅದೇ ದಿನ ಯಾರಾದರೂ ಮಾಡಿದರೆ ಫೋನಲ್ಲೇ ಹೋಲಿಸಬಹುದು.

ಪ್ರಶ್ನೆ: ಸ್ಲೈಮ್ ಮಾಡಿಸಬಹುದಾ? ಮನೇಲಿ ಮೂರು ವರ್ಷದವನೂ ಇದ್ದಾನೆ. (ತುಮಕೂರು)

ಬೋರಾಕ್ಸ್ ಹಾಕೋ ಸ್ಲೈಮ್ ಬೇಡ, ಚಿಕ್ಕವನು ಬಾಯಿಗೆ ಹಾಕ್ತಾನೆ. ಎರಡು ಬಟ್ಟಲು ಕಾರ್ನ್‌ಫ್ಲೋರಿಗೆ ಒಂದು ಬಟ್ಟಲು ನೀರು ಕಲಸಿ. ಗುದ್ದಿದರೆ ಗಟ್ಟಿ, ಸುಮ್ನೆ ಕೈ ಇಟ್ಟರೆ ಮುಳುಗುತ್ತೆ. ಆಟ ಮುಗಿದ ಮೇಲೆ ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತೆ. ಒಣಗಿಸಿ ಕಸದ ಬುಟ್ಟಿಗೆ ಹಾಕಿ.