ಫ್ಯಾಂಟಸಿ ಗೇಮ್‌ನಲ್ಲಿ ಯಾವ ಜನಾಂಗಕ್ಕೆ ಯಾವ ವಾಸ್ತುಶೈಲಿ ಕೊಟ್ಟರೆ ಅವರ ಸಂಸ್ಕೃತಿ, ಇತಿಹಾಸ ಎದ್ದು ಕಾಣುತ್ತದೆ?

ಈ ಪ್ರಶ್ನೆ ಕೇಳಿ, ಡ್ವಾರ್ಫ್ ಅನ್ನುವ ಕುಳ್ಳರಿಗೆ ಯುರೋಪಿನ ಚೂಪು ಕಮಾನಿನ ಗೋಥಿಕ್, ಕಾಡು ಬಿಟ್ಟು ಬಂದ ಎಲ್ಫ್ ಅನ್ನುವ ವನವಾಸಿಗಳಿಗೆ ಚಾಲುಕ್ಯ, ಮನುಷ್ಯರಿಗೆ ಗುಮ್ಮಟ ಅಂತ ಪಟ್ಟಿ ಹಾಕಿದ್ದೀರಿ. ಆರು ವರ್ಷದ ಹಿಂದೆ ನನ್ನ ನೋಟ್‌ಬುಕ್‌ನಲ್ಲೂ ಇಂಥದ್ದೇ ಪಟ್ಟಿ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವಿಜಯಪುರದವನು. ಇಬ್ಬರು ಗೆಳೆಯರ ಜೊತೆ ಸೇರಿ ಗೇಮ್ ಶುರು ಮಾಡಿದ್ದೆ. ಊರು, ಕೋಟೆ, ಅರಮನೆ ಮಾಡೆಲ್ ಮಾಡುವುದು ನನ್ನ ಪಾಲಿನ ಕೆಲಸ. ಗುಮ್ಮಟದ ರಾಜ್ಯಕ್ಕೆ ನಮ್ಮೂರೇ ಇದೆಯಲ್ಲ ಅಂತ ನಾಲ್ಕು ದಿನ ಕ್ಯಾಮೆರಾ ಹಿಡಿದು ಸುತ್ತಿದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ತಾಜ್ ಬಾವಡಿ, ಒಂದನ್ನೂ ಬಿಡಲಿಲ್ಲ.

ತಪ್ಪು ಆಗಿದ್ದು ಆಮೇಲೆ. ಮನೆಗೆ ಬಂದು ಫೋಟೋಗಳನ್ನು ಒಂದೊಂದಾಗಿ ಕ್ಲೀನ್ ಮಾಡಿದೆ. ಕರೆಂಟ್ ಕಂಬ, ಬ್ಯಾನರ್, ನಿಂತ ಟಂಟಂ ಎಲ್ಲ ಅಳಿಸಿದೆ. ಅದು ಸರಿ. ಆದರೆ ಅದೇ ಕೈಯಲ್ಲಿ, ಚಂದ ಕಾಣದ ಹಳೆಯದನ್ನೂ ಅಳಿಸಿದೆ. ನಮ್ಮೂರಲ್ಲಿ ಅಲ್ಲಲ್ಲಿ ಕರಿಕಲ್ಲಿನ ಚೌಕ ಗೋಪುರಗಳಿವೆ. ಗಂಜ್ ಅಂತಾರೆ. ಗುಮ್ಮಟದ ಪಕ್ಕ ನೋಡಿದರೆ ತೀರಾ ಸಪ್ಪೆ. ಸಣ್ಣವನಿದ್ದಾಗಿಂದ ಅವುಗಳ ಪಕ್ಕದಲ್ಲೇ ಓಡಾಡಿದ್ದೇನೆ, ಯಾಕಿವೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಶೈಲಿಗೆ ಹೊಂದಲ್ಲ ಅನ್ನಿಸಿತು, ತೆಗೆದೆ. ಅರ್ಧ ಬಿದ್ದ ಗೋಡೆಗಳನ್ನು ಪೂರ್ತಿ ಮಾಡಿದೆ. 1672ರಲ್ಲಿ ಎರಡನೇ ಅಲಿ ಆದಿಲ್‌ಶಾ ತೀರಿಕೊಂಡು ಅರ್ಧಕ್ಕೇ ನಿಂತ ಬಾರಾ ಕಮಾನಿಗೆ ನಾನು ಗುಮ್ಮಟ ಕೂರಿಸಿ ಮುಗಿಸಿಬಿಟ್ಟೆ! ಗೋಳಗುಮ್ಮಟ ಒಂದು ಗೋರಿ ಅನ್ನುವುದನ್ನೂ ಲೆಕ್ಕಿಸದೆ ಅದನ್ನೇ ರಾಜನ ದರ್ಬಾರು ಮಾಡಿದೆ. ಪಿಸುಮಾತು ಎದುರು ಗೋಡೆಗೆ ಕೇಳುವ ಜಾಗದಲ್ಲಿ ಯಾವ ರಾಜ ಗುಟ್ಟಿನ ಮಾತಾಡುತ್ತಾನೆ? ಯೋಚಿಸಲೇ ಇಲ್ಲ. ಇಡೀ ಊರು ಒಂದೇ ವಾರದಲ್ಲಿ ಕಟ್ಟಿದ ಹಾಗೆ ಹೊಳೆಯುತ್ತಿತ್ತು. ನನಗೆ ಅದೇ ಹೆಮ್ಮೆ.

ನಮ್ಮ ಗೇಮ್‌ನ ಜೀವ ಇದ್ದಿದ್ದು ಒಂದು ಮುತ್ತಿಗೆಯಲ್ಲಿ. ಶತ್ರು ಊರನ್ನು ಸುತ್ತುವರಿಯುತ್ತಾನೆ, ಆಟಗಾರ ಉಳಿಸಿಕೊಳ್ಳಬೇಕು. ಅದು ಎಷ್ಟು ಮಾಡಿದರೂ ಬೋರ್ ಹೊಡೆಸುತ್ತಿತ್ತು. ಏಣಿ ಜಾಸ್ತಿ ಮಾಡಿದೆವು, ಆನೆ ತಂದೆವು, ಅಗಸಿ ಬಾಗಿಲು ಗಟ್ಟಿ ಮಾಡಿದೆವು. ಉಹೂಂ. ಕೊನೆಗೆ ದುಡ್ಡು ಹಾಕಲು ಮುಂದೆ ಬಂದಿದ್ದ ಕಂಪನಿಯವರು ಆಡಿ ನೋಡಿದರು. ಅಲ್ಲಿನ ಒಬ್ಬ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಈ ಊರಿನವರು ನೀರು ಎಲ್ಲಿಂದ ತರುತ್ತಾರೆ? ಶತ್ರು ಬಾಗಿಲು ಒಡೆಯೋದು ಯಾಕೆ, ಹೊರಗೆ ಕೂತು ಕಾಯ್ದರೆ ಸಾಲದಾ?" ಫ್ಯಾಂಟಸಿ ಅಲ್ವಾ ಮೇಡಂ, ಮಂತ್ರದ ನೀರು ಅಂದೆ. ಒಪ್ಪಂದ ಅಲ್ಲಿಗೇ ಮುರಿಯಿತು. ಎರಡು ವರ್ಷದ ಕೆಲಸ ಹೋಯಿತು. ಒಬ್ಬ ಗೆಳೆಯ ಬೇರೆ ಕೆಲಸ ನೋಡಿಕೊಂಡ. ಅವನ ದುಡ್ಡು ಇನ್ನೂ ಪೂರ್ತಿ ತೀರಿಸಿಲ್ಲ.

ಆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಊರಿಗೆ ಹೋಗಿದ್ದೆ. ಅವ್ವನ ಜೊತೆ ನಡೆದು ಬರುವಾಗ ಒಂದು ಗಂಜ್ ಪಕ್ಕ ನಿಂತೆವು. ಗೋಡೆಯ ಕಲ್ಲು ಒಂದು ಕಡೆ ಕಿತ್ತುಹೋಗಿ ಒಳಗಿನ ಮಣ್ಣಿನ ಕೊಳವೆಯ ಬಾಯಿ ಕಾಣುತ್ತಿತ್ತು. ಸುತ್ತ ಗಚ್ಚು ಮೆತ್ತಿದ್ದರು. ಬೆರಳು ಹಾಕಿ ನೋಡಿದೆ. ಒಳಮೈಗೆ ಬಿಳಿ ಸುಣ್ಣ ಕಟ್ಟಿತ್ತು, ನಮ್ಮನೆ ಬೋರಿನ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುತ್ತದಲ್ಲ, ಹಾಗೆ. "ಇದರಾಗ ನೀರ ಬರ್ತಿತ್ತೇನ ಬೇ?" ಅಂದೆ. "ಮತ್ತ? ಅದಕ್ಕ ಕಟ್ಟ್ಯಾರ," ಅಂದಳು.

ತೊರವಿ ಕಡೆಯಿಂದಲೂ, 1651ರ ಬೇಗಂ ತಲಾಬ್ ಕೆರೆಯಿಂದಲೂ ನೆಲದೊಳಗೇ ಊರಿಗೆ ನೀರು ಬರುತ್ತಿತ್ತು. ದೂರದಿಂದ ಇಳಿದು ಬರುವ ನೀರಿಗೆ ಒತ್ತಡ ಜಾಸ್ತಿ. ಸುಮ್ನೆ ಬಿಟ್ಟರೆ ಮಣ್ಣಿನ ಕೊಳವೆ ಒಡೆದುಹೋಗುತ್ತದೆ. ಅದಕ್ಕೆ ನಡುನಡುವೆ ಗಂಜ್. ನೀರು ಅದರೊಳಗೆ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಹೂಳು ತಳಕ್ಕೆ ಕೂರುತ್ತದೆ, ತಿಳಿನೀರು ಮುಂದೆ ಹೋಗುತ್ತದೆ. ಇದು ಬರದ ಸೀಮೆ, ಆದರೂ ಇಲ್ಲಿ ದೊಡ್ಡ ಪೇಟೆ ಬಾಳಿತು, ಕೊಳವೆ ಲೆಕ್ಕ ಹಾಕಬಲ್ಲ ಜನ ಇಲ್ಲಿದ್ದರು. ಇದಿಷ್ಟನ್ನೂ ಆ ಸಪ್ಪೆ ಗೋಪುರ ಹೇಳುತ್ತದೆ. ಔರಂಗಜೇಬನ ಸೈನ್ಯ 1685ರಿಂದ 1686ರವರೆಗೆ ಒಂದು ವರ್ಷಕ್ಕೂ ಜಾಸ್ತಿ ಈ ಊರನ್ನು ಸುತ್ತಿ ಕೂತಿತ್ತು. ನನ್ನ ಮುತ್ತಿಗೆಯ ಕಥೆ ಪೂರ್ತಿ ಗಂಜ್‌ನಲ್ಲೇ ಇತ್ತು. ಅದನ್ನೇ ನಾನು ಅಳಿಸಿದ್ದೆ.

ಈಗ ನಿಮ್ಮ ಪ್ರಶ್ನೆ. ಯಾವ ಶೈಲಿ ಅಂತ ನಾನು ಹೇಳಲ್ಲ. ಒಂದು ಜನಾಂಗಕ್ಕೆ ಒಂದೇ ಶೈಲಿ ಅನ್ನುವ ಲೆಕ್ಕವೇ ತಪ್ಪು. ಒಮ್ಮೆ ಪಟ್ಟದಕಲ್ಲಿಗೆ ಹೋಗಿ ನಿಂತು ನೋಡಿ. ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಒಂದೇ ಅಂಗಳದಲ್ಲಿವೆ. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಸೋತವರ ಊರಿನ ಕಟ್ಟೋಣದ ರೀತಿಯೇ ಇದೆ. ಐಹೊಳೆಯ ಲಾಡಖಾನ ಗುಡಿಯ ಮಾಡು ನೋಡಿ. ಚಪ್ಪಡಿಗಳ ಸಂದಿ ಮುಚ್ಚಲು ಮರದ ದಿಮ್ಮಿ ಹಾಗೆ ಉದ್ದುದ್ದ ಕಲ್ಲು ಇಟ್ಟಿದ್ದಾರೆ. ಕಲ್ಲಿಗೆ ಬಂದರೂ ಕೈಗೆ ಮರಗೆಲಸ ಮರೆತಿಲ್ಲ. ನಿಮ್ಮ ಎಲ್ಫ್‌ಗಳು ಕಾಡು ಬಿಟ್ಟು ಬಂದವರು ಅಂದಿರಲ್ಲ, ಅವರ ಕಲ್ಲಿನ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ?

ಒಳ್ಳೆಯ ಗೇಮ್‌ಗಳು ಇದನ್ನೇ ಮಾಡಿವೆ. 2002ರ ಮಾರೋವಿಂಡ್‌ನಲ್ಲಿ ಟೆಲ್ವಾನಿ ಮಂತ್ರವಾದಿಗಳು ದೈತ್ಯ ಅಣಬೆ ಬೆಳೆಸಿ ಅದರೊಳಗೆ ಇರುತ್ತಾರೆ. ಅವರ ಕೋಣೆಗೆ ಏರಲು ಮೆಟ್ಟಿಲಿಲ್ಲ, ತೇಲುವ ಮಂತ್ರ ಬರಬೇಕು. ಮಂತ್ರ ಬಾರದವನು ನನ್ನ ಮುಂದೆ ಬರುವುದೇ ಬೇಡ ಅನ್ನುವ ಅವರ ಸೊಕ್ಕು ಆ ಇಲ್ಲದ ಮೆಟ್ಟಿಲಲ್ಲಿದೆ. 2011ರ ಸ್ಕೈರಿಮ್‌ನ ಮಾರ್ಕಾರ್ಥ್ ಊರನ್ನು ಕಟ್ಟಿದವರು ಕಾಣೆಯಾದ ಡ್ವೆಮರ್ ಜನ, ಈಗ ಇರುವವರು ಬೇರೆ. ನಮ್ಮೂರಿನ ಕರೀಮುದ್ದೀನ್ ಮಸೀದಿ ನೋಡಿದವರಿಗೆ ಇದು ಹೊಸದಲ್ಲ. 1320ರ ಆ ಮಸೀದಿಯ ಕಂಬಗಳು ಅದಕ್ಕೂ ಹಳೆಯ ಗುಡಿಗಳವು.

ನಾವಿಬ್ಬರು ಉಳಿದವರು ಈಗ ಮತ್ತೆ ಶುರು ಮಾಡಿದ್ದೇವೆ. ಈ ಸಲ ಗುಮ್ಮಟ ಇನ್ನೂ ಕಟ್ಟಿಲ್ಲ. ಕೆರೆ, ಕೊಳವೆ, ಏಳು ಗಂಜ್ ಆಗಿವೆ. ಮೂರನೇ ಗಂಜ್ ಶತ್ರುವಿನ ಕೈಗೆ ಸಿಕ್ಕರೆ ಪೇಟೆಯ ಬಾವಡಿ ಎರಡು ದಿನಕ್ಕೆ ಬತ್ತುತ್ತದೆ, ಆಗ ಆಟಗಾರ ರಾತ್ರಿ ಕೋಟೆಯಿಂದ ಹೊರಗೆ ಹೋಗಲೇಬೇಕು. ನಿಮ್ಮ ಊರಿನ ನಕ್ಷೆ ಇದ್ದರೆ ಇಲ್ಲಿ ಹಾಕಿ, ನೋಡುತ್ತೇನೆ. ಕಟ್ಟಡ ಬರೆಯಬೇಡಿ, ನೀರು ಎಲ್ಲಿಂದ ಬರುತ್ತದೆ ಅಂತ ಗೆರೆ ಎಳೆದು ಕಳಿಸಿ.