ಗರ್ಭನಿರೋಧಕದ ಖರ್ಚನ್ನು ಆರೋಗ್ಯ ವಿಮೆ ಕೊಡಬೇಕಾ?

ಹೀಗೆ ಕೇಳಿ ಬರೆದ ರಾಯಚೂರಿನ ಓದುಗರಿಗೆ, ಕೊಡಬೇಕು ಅಂತಲೇ ನಾನು ಹೇಳ್ತೇನೆ. ಆದರೆ ಈಗ ಸಾಮಾನ್ಯ ಪಾಲಿಸಿಗಳು ಕೊಡೋದಿಲ್ಲ. ನಿಮ್ಮ ಪಾಲಿಸಿಯಲ್ಲಿ ಯಾವುದಕ್ಕೆಲ್ಲ ದುಡ್ಡು ಸಿಗಲ್ಲ ಅನ್ನೋ ಪಟ್ಟಿ ಇರುತ್ತೆ. ಅದರಲ್ಲಿ 17ನೇ ಕೋಡ್ ನೋಡಿ. ಬಂಜೆತನದ ಚಿಕಿತ್ಸೆ, ಎಲ್ಲ ಬಗೆಯ ಗರ್ಭನಿರೋಧಕ, ಸಂತಾನಹರಣ ಆಪರೇಷನ್ ಮೂರೂ ಅಲ್ಲೇ ಇವೆ. ಇದು ಒಂದು ಕಂಪನಿಯ ಕಿತಾಪತಿ ಅಲ್ಲ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ಷರತ್ತು. ಹೆರಿಗೆಗೆ ಸಾವಿರಾರು ರೂಪಾಯಿ ಕೊಡುವ ಪಾಲಿಸಿಗಳಿವೆ, ಬೇಡದ ಬಸಿರು ತಡೆಯೋಕೆ ಗರ್ಭಕೋಶದೊಳಗೆ ಹಾಕುವ ವಂಕಿಗೆ ಮಾತ್ರ ಇಲ್ಲ. ಇದ್ಯಾವ ಲೆಕ್ಕ?

ನೀವು ರಾಯಚೂರಿನವರು ಅಂದಿದ್ದೀರಿ. ಹಾಗಾದರೆ ಮೊದಲು ಸರ್ಕಾರಿ ದವಾಖಾನೆಗೆ ಹೋಗಿ, ಅಲ್ಲಿ ಗರ್ಭನಿರೋಧಕಗಳು ಪುಕ್ಕಟೆ. ಮಾಲಾ-ಎನ್ ಗುಳಿಗೆ ದಿನಾ ತಗೋಬೇಕು. ಛಾಯಾ ಗುಳಿಗೆ ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಅಂತರಾ ಸೂಜಿ 3 ತಿಂಗಳಿಗೊಮ್ಮೆ. ಸಿಂಧನೂರು, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಹೆಣ್ಣುಮಕ್ಕಳಿಗೆ ಸೂಜಿಯ ತಾರೀಖು ತಪ್ಪೋದು ಜಾಸ್ತಿ. ಅಂಥವರಿಗೆ ವಂಕಿ ಅನುಕೂಲ, ಕಾಪರ್-ಟಿ 380ಎ 10 ವರ್ಷ ನಡೆಯುತ್ತೆ. ಡಾಕ್ಟರ್ ಇಲ್ಲವೇ ತರಬೇತಿ ಪಡೆದ ನರ್ಸ್ ಪರೀಕ್ಷೆ ಮಾಡಿಯೇ ಹಾಕಬೇಕು, ಅಷ್ಟೇ.

ಅಂಗಡಿಯ ಗುಳಿಗೆ ಖರ್ಚು ಹೇಗೋ ನಿಭಾಯಿಸಬಹುದು. ವಿಮೆ ನಿಜವಾಗಿ ಬೇಕಾಗೋದು ಖಾಸಗಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿಕೊಳ್ಳುವಾಗ. ಷರತ್ತು ಬದಲಿಸೋದಾದರೆ ಅಲ್ಲಿಂದಲೇ ಶುರು ಮಾಡಲಿ.